ಗೌರಮ್ಮನ ಹಸುವಿನ ತೇಗು

ಕೆಲವರಿಗೆ ಹುಟ್ಟಿನಿಂದಲೇ ಒಳ್ಳೆಯ ಕಂಠ ಬಂದಿರುತ್ತದೆ, ಕೆಲವರಿಗೆ ಕೈರುಚಿ. ನನಗೆ ಬಂದಿರುವುದು ಅನುಮಾನ. ಕೆಲಸವೂ ಲೆಕ್ಕ ತಪಾಸಣೆಯದೇ ಸಿಕ್ಕಿದ್ದರಿಂದ ಆ ಚಟಕ್ಕೆ ಸಂಬಳವೂ ಬಂದು ಅದು ಚೆನ್ನಾಗಿಯೇ ಬಲಿಯಿತು. ನಿವೃತ್ತನಾದ ಮೇಲೆ ಅನುಮಾನಪಡಲು ಕಡತಗಳಿಲ್ಲದೆ ಕೆಲವು ದಿನ ಚಡಪಡಿಸಿ, ಕೊನೆಗೆ ಹಾಲಿನ ಕಡೆ ತಿರುಗಿದೆ. ಬೆಳಿಗ್ಗೆ ಹಾಲು ಬಂದ ಕೂಡಲೇ ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು ಅದರ ಮೇಲೆ ಒಂದು ಹನಿ ಬಿಡುತ್ತೇನೆ. ಬಿಳಿ ಗೆರೆ ಎಳೆಯುತ್ತ ನಿಧಾನವಾಗಿ ಇಳಿದರೆ ಸರಿ, ಸರಕ್ಕನೆ ಜಾರಿದರೆ ನೀರು ಬೆರೆತಿದೆ ಎಂದು ಅರ್ಥ. ಹಾಲು ತರುವ ಗೌರಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದು, "ಪಾಸಾ ಸ್ವಾಮಿ?" ಎಂದು ಕೇಳಿಯೇ ಮುಂದಿನ ಮನೆಗೆ ಹೋಗುತ್ತಾಳೆ.

ನಮ್ಮ ಮಲ್ಲತ್ತಹಳ್ಳಿಯಲ್ಲಿ ಎಲ್ಲರೂ ಪ್ಯಾಕೆಟ್ ಹಾಲಿಗೆ ಒಗ್ಗಿಹೋಗಿದ್ದಾರೆ. ನಾಲ್ಕು ಅಂತಸ್ತಿನ ಎರಡು ಕಟ್ಟಡಗಳ ಸಂದಿಯಲ್ಲಿ ತಗಡಿನ ಕೊಟ್ಟಿಗೆ ಹಾಕಿಕೊಂಡು ಹಸು ಸಾಕುತ್ತಿರುವವಳು ಗೌರಮ್ಮ ಒಬ್ಬಳೇ. ಅವಳ ಕೆಂಪಿಯ ಹಾಲು ಬಿದ್ದರೆ ಮಾತ್ರ ನನ್ನ ಫಿಲ್ಟರ್ ಕಾಫಿ ಕಾಫಿಯಾಗುತ್ತದೆ. ಕೆಂಪಿ ಕರು ಹಾಕಿದಾಗ ಗಿಣ್ಣದ ಹಾಲು ಮೊದಲು ಬರುವುದೂ ನಮ್ಮ ಮನೆಗೇ. ಇಂಥ ಸಂಸಾರದೊಳಗೆ ಒಂದು ದಿನ ಒಂದು ಪುಡಿಯ ಡಬ್ಬಿ ಬಂದು ಕೂತಿತು.

ತಂದವಳು ಯಾವುದೋ ಯೋಜನೆಯ ಮೇಲೆ ಬಂದಿದ್ದ, ಚಿಕ್ಕ ವಯಸ್ಸಿನ ಪಶುವೈದ್ಯೆ. ಮೇವು ಅರಗುವಾಗ ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟುತ್ತದಂತೆ, ಅದು ಹೊರಗೆ ಬಂದು ಭೂಮಿಯನ್ನು ಬಿಸಿ ಮಾಡುತ್ತದಂತೆ. ದಿನಾ ಬೂಸಾದಲ್ಲಿ ಒಂದು ಚಮಚ ಪುಡಿ ಬೆರೆಸಿದರೆ ಕಡಿಮೆಯಾಗುತ್ತದಂತೆ. ಹೊರಗೆ ಬರುವುದು ಎಂದಾಗ ನಾನು ಹಿಂಬಾಗಿಲನ್ನು ಕಲ್ಪಿಸಿಕೊಂಡಿದ್ದೆ. ಬಹುಪಾಲು ಬಾಯಿಂದಲೇ, ತೇಗಿನಲ್ಲಿ ಹೋಗುತ್ತದೆ ಎಂದು ಅವಳು ತಿದ್ದಿದಳು. ಸರಿ, ಹೊರಗೆ ಹೋಗದ ಅನಿಲ ಒಳಗೆ ಎಲ್ಲಿ ಹೋಗುತ್ತದಮ್ಮ ಎಂದು ಕೇಳಿದೆ. ಎಲ್ಲಿಗೂ ಹೋಗುವುದಿಲ್ಲ, ಅದು ಹುಟ್ಟುವುದೇ ಇಲ್ಲ ಎಂದಳು. ನನ್ನ ಸರ್ವೀಸಿನಲ್ಲಿ ಸ್ಟೋರಿನಿಂದ ಸಾಮಾನು ಕಾಣೆಯಾದಾಗಲೆಲ್ಲ ಗುಮಾಸ್ತರು ಹೇಳುತ್ತಿದ್ದುದೂ ಇದನ್ನೇ, ಅದು ಬಂದೇ ಇರಲಿಲ್ಲ ಸಾರ್ ಎಂದು. ಆ ಅನಿಲ ಬಂದು ಸೇರುವುದು ನನ್ನ ಹಾಲಿಗೇ ಎಂದು ಅಲ್ಲೇ ತೀರ್ಮಾನಿಸಿದೆ.

ತೇಗಿನ ಮೇಲೆ ಕೈ ಹಾಕಿದ್ದೂ ನನಗೆ ಸರಿಬರಲಿಲ್ಲ. ನಮ್ಮ ಅಜ್ಜ ಎಲೆಯ ಮುಂದೆ ಕೂತು ಒಂದು ದೊಡ್ಡ ತೇಗು ತೇಗುವವರೆಗೆ ಬಡಿಸಿದವರಿಗೆ ಸಮಾಧಾನವಿರುತ್ತಿರಲಿಲ್ಲ. ಆ ಪರಂಪರೆಯನ್ನು ಕೈಲಾದಷ್ಟು ನಾನೂ ಉಳಿಸಿಕೊಂಡು ಬಂದಿದ್ದೇನೆ. ಭೂಮಿ ಬಿಸಿಯಾಗೋದಕ್ಕೆ ಹಸುವೇ ಬೇಕಾಗಿಲ್ಲ ಎಂದು ನನ್ನ ಹೆಂಡತಿ ಸರೋಜ ಆಗಾಗ ಗೊಣಗುವುದುಂಟು.

ಪುಡಿಯ ಮೇಲೆ ನಿಗಾ ಇಡಲು ದಿನಾ ಕೊಟ್ಟಿಗೆಗೆ ಹೋಗತೊಡಗಿದೆ. ಗಂಡಸು ಸುಮ್ಮನೆ ನಿಂತು ಹಸುವಿನ ಬಾಯಿ ನೋಡುತ್ತಿದ್ದರೆ ಜನ ಏನಾದರೂ ಅಂದುಕೊಂಡಾರು. ಹಾಗಾಗಿ ಒಂದು ಬಟ್ಟೆಯ ಚೀಲದಲ್ಲಿ ಅಕ್ಕಿ, ಬೆಲ್ಲ ಒಯ್ದೆ. ಹಸುವಿಗೆ ತಿನ್ನಿಸುವವನನ್ನು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ. ಓಡಾಡುವವರು ಹಸುವಿನ ಜೊತೆ ನನಗೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಗೌರಮ್ಮ ಮನೆಮನೆಗೆ ಹಾಲು ಹಾಕಲು ಹೋದ ಹೊತ್ತು ನೋಡಿ ಹೋಗುತ್ತಿದ್ದುದರಿಂದ ಅವಳಿಗೆ ಇದು ಗೊತ್ತಿರಲಿಲ್ಲ. ಅಕ್ಕಿ ಬೆಲ್ಲದ ಜಾಗಕ್ಕೆ ಮಿಕ್ಕಿದ ಅನ್ನ ಬಂತು, ಶುಕ್ರವಾರದ ಪೊಂಗಲ್ ಬಂತು, ಹಬ್ಬದ ಹೋಳಿಗೆಯೂ ಬಂತು. ನನ್ನನ್ನು ನೋಡಿ ಪಕ್ಕದ ಅಪಾರ್ಟ್‌ಮೆಂಟಿನವರೂ ಅದೇ ಹೊತ್ತಿಗೆ ಡಬ್ಬಿಗಟ್ಟಲೆ ತಂದು ಸುರಿಯತೊಡಗಿದರು. ತೇಗನ್ನು ಅಳೆಯಲೆಂದು ಡಾಕ್ಟರು ಕೊರಳಿಗೆ ಕಟ್ಟಿದ್ದ ಡಬ್ಬಿಯನ್ನು ಆಡಿಸುತ್ತ ಕೆಂಪಿ ಎಲ್ಲವನ್ನೂ ತಿನ್ನುತ್ತಿತ್ತು, ಆ ಡಬ್ಬಿಯನ್ನು ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಅಷ್ಟರಲ್ಲಿ ಹಾಲಿನ ಕೆನೆ ತೆಳುವಾಯಿತು. ಬೆರಳಲ್ಲಿ ಎತ್ತಿದರೆ ಚಾದರದಂತೆ ಬರುತ್ತಿದ್ದದ್ದು ಹರಿದುಹೋಗತೊಡಗಿತು. ಸತ್ಯ ಹೇಳಬೇಕೆಂದರೆ ನನಗೆ ಬೇಜಾರಿಗಿಂತ ಸಂತೋಷವೇ ಹೆಚ್ಚಾಯಿತು. ಕೆರೆಯ ಸುತ್ತ ವಾಕಿಂಗ್ ಬರುವ ಎಲ್ಲರಿಗೂ ಪುಡಿಯ ವಿಷಯ ವಿವರವಾಗಿ ತಿಳಿಸಿದೆ. ಒಂದೊಂದೇ ಮನೆಯವರು ಗೌರಮ್ಮನ ಹಾಲು ಬಿಟ್ಟರು. ಒಂದು ಬೆಳಿಗ್ಗೆ ಅವಳು ಪಾಸಾ ಎಂದು ಕೇಳದೆ ಹೊರಟುಹೋದಳು.

ಗೇಟಿನವರೆಗೆ ಹೋಗಿ ಅವಳನ್ನು ಮಾತಾಡಿಸಿ ಒಳಗೆ ಬಂದ ಸರೋಜ, "ಹೀಗೇ ಆದ್ರೆ ಕೆಂಪೀನ ಮಾರಿಬಿಡ್ತಾಳಂತೆ ರೀ," ಎಂದಳು. "ಹಾಲು ಕೆಡಿಸಿದೋಳು ಅಂತ ಜನ ಮುಖ ತಿರುಗಿಸ್ಕೊಂಡು ಹೋಗ್ತಾರೆ, ಅದನ್ನ ತಡೆಯೋಕಾಗಲ್ಲ ಅಂತ ಅತ್ತಳು."

ನಾನು ಕಾಫಿ ಲೋಟ ಕೆಳಗಿಟ್ಟು ಎದ್ದೆ. ಗೌರಮ್ಮನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ, ನನ್ನ ಜಗಳವೆಲ್ಲ ಆ ಪುಡಿಯ ಡಬ್ಬಿಯೊಂದಿಗೆ. ಇವತ್ತು ಡಾಕ್ಟರನ್ನು ಬಿಡಬಾರದೆಂದು ಹೊರಟೆ. ಅಭ್ಯಾಸಬಲದಿಂದ ಚೀಲವೂ ಕಂಕುಳಿಗೆ ಬಂತು.

ಕೊಟ್ಟಿಗೆಯಲ್ಲಿ ಡಾಕ್ಟರು, ಗೌರಮ್ಮ ಇಬ್ಬರೂ ಸಪ್ಪಗೆ ನಿಂತಿದ್ದರು. ಬಡ ಹೆಂಗಸಿನ ಹಸುವಿನ ಮೇಲೆ ಪ್ರಯೋಗ ಮಾಡುವುದು ಯಾವ ನ್ಯಾಯ ಎಂದು ನಾನು ದನಿ ಏರಿಸಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡಳು.

"ಅನುಮಾನ ನನಗೂ ಬಂದಿತ್ತು ಸಾರ್, ಅದಕ್ಕೇ ಪುಡಿ ನಿಲ್ಸಿ ತುಂಬಾ ದಿನ ಆಯ್ತು. ಆದ್ರೂ ಕೆನೆ ಬರ್ತಿಲ್ಲ. ಇದಕ್ಕೆ ಯಾರೋ ದಿನಾ ಅನ್ನ, ಬೆಲ್ಲ ತಿನ್ನಿಸ್ತಿದಾರೆ. ಹೊಟ್ಟೆ ಹುಳಿ ಆಗಿ ಸಗಣಿ ನೀರಾಗಿದೆ. ಕೆನೆ ಹೋಗಿರೋದೂ ಅದಕ್ಕೇ."

ಎಂಥೆಂಥ ಜನ ಇರುತ್ತಾರೆ ನೋಡಿ ಎಂದು ನಾನು ಗಂಭೀರವಾಗಿ ತಲೆಯಾಡಿಸಿದೆ. ಆಗಲೇ ಕೆಂಪಿ ಕತ್ತು ಚಾಚಿ, ಬಹಳ ಸಲಿಗೆಯಿಂದ ನನ್ನ ಕಂಕುಳಿನ ಚೀಲದೊಳಗೆ ಮುಖ ತೂರಿಸಿ, ಹಿಂದಿನ ದಿನದ ಪೊಂಗಲನ್ನು ಹುಡುಕಿ ತೆಗೆಯಿತು. ಡಾಕ್ಟರು ಗೌರಮ್ಮನನ್ನು ನೋಡಿದಳು, ಗೌರಮ್ಮ ನನ್ನನ್ನು ನೋಡಿದಳು. ಕೆಂಪಿ ನನ್ನ ಮುಖಕ್ಕೇ ಒಂದು ತೇಗು ತೇಗಿತು.

ಅವತ್ತು ಸಂಜೆಯೇ ಹಾಲು ಬಿಟ್ಟ ಮನೆಗಳಿಗೆಲ್ಲ ಹೋಗಿ ಬಂದೆ. ಯಾರೋ ತಿಳಿಗೇಡಿ ಹಸುವಿಗೆ ಅನ್ನ ತಿನ್ನಿಸುತ್ತಿದ್ದನಂತೆ, ಈಗ ಸಿಕ್ಕಿಬಿದ್ದನಂತೆ, ಹಾಲಿಗೇನೂ ದೋಷವಿಲ್ಲ ಎಂದು ಹೇಳಿದೆ. ಹೆಸರು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಹೆಚ್ಚಿನವರು ಮತ್ತೆ ಹಾಲು ಹಾಕಿಸಿಕೊಳ್ಳುತ್ತಿದ್ದಾರೆ. ಕೆಂಪಿ ಕೊಟ್ಟಿಗೆಯಲ್ಲೇ ಉಳಿದಿದೆ, ಪಕ್ಕದ ಕಟ್ಟಡದವರ ಡಬ್ಬಿಗಳೂ ನಿಂತಿವೆ, ಪುಡಿ ಮತ್ತೆ ಶುರುವಾಗಿದೆ, ಕೆನೆಯೂ ಬಂದಿದೆ. ಆ ಪುಡಿಯ ಮೇಲೆ ನನಗೆ ಇವತ್ತಿಗೂ ಸಣ್ಣದೊಂದು ಅನುಮಾನವಿದೆ, ಆದರೆ ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ.

ತರಕಾರಿಗೆ ಹೋಗಲು ನನಗೆ ಕೊಟ್ಟಿಗೆಯ ಮುಂದಿನ ದಾರಿಯೇ ಗತಿ. ನಾನು ಕಂಡ ಕೂಡಲೇ ಗೌರಮ್ಮ ಕೈಯಲ್ಲಿನ ಕೆಲಸ ಬಿಟ್ಟು ಎದ್ದು ಬರುತ್ತಾಳೆ.

"ಒಸಿ ಚೀಲ ಒದರಿ ಸ್ವಾಮಿ," ಎನ್ನುತ್ತಾಳೆ.

ನಾನು ಚೀಲವನ್ನು ಒಳಗು ಹೊರಗು ಮಾಡಿ ಒದರುತ್ತೇನೆ. ಅಗುಳು ಏನಾದರೂ ಉದುರಿತೇ ಎಂದು ಅವಳು ಬಗ್ಗಿ ನೆಲ ನೋಡುತ್ತಾಳೆ. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದು, ಪಾಸಾ ಗೌರಮ್ಮ ಎಂದು ಕೇಳುತ್ತೇನೆ. ಅವಳು ಇನ್ನೂ ಒಂದು ದಿನವೂ ಹೂಂ ಅಂದಿಲ್ಲ.