ಹಂಡೆಯಲ್ಲಿ ಹೆಸರಿನ ದಿನ

ಓಯಾರ್ಸನ ಹೆಸರಿನ ದಿನ ಬೇರೆ ಯಾವತ್ತಾದರೂ ಬರಬಹುದಿತ್ತು. ಹಾಳಾದ್ದು, ಹಂಡೆಯಲ್ಲಿ ಅಂಟು ಬೇಯುವ ದಿನವೇ ಬಂದು ವಕ್ಕರಿಸಿತು.

ಲಾಟ್ವಿಯಾದಲ್ಲಿ ಕ್ಯಾಲೆಂಡರಿನ ಒಂದೊಂದು ದಿನ ಒಂದೊಂದು ಹೆಸರಿಗೆ ಮೀಸಲು; ಆ ಹೆಸರಿನವರಿಗೆ ಅದು ಹುಟ್ಟುಹಬ್ಬವಿದ್ದಂತೆ. ಅಲ್ಲಿನ ಒಂದು ಹಲಗೆ ಕಾರ್ಖಾನೆಗೆ ಅಂಟು ಬೇಯಿಸುವವನು ಓಯಾರ್ಸ್. ಕಣ್ಣುರಿಸುವ ಹಳೇ ಅಂಟನ್ನು ಬಿಟ್ಟು, ಬರ್ಚ್ ಮರದ ತೊಗಟೆಯಿಂದಲೇ ಅಂಟು ತೆಗೆದು ಅದರಿಂದ ಮರದ ಪುಡಿಯನ್ನು ಅಂಟಿಸಿ ಹಲಗೆ ಮಾಡುವ ಹುಚ್ಚು ಹಿಡಿಸಿಕೊಂಡಿದ್ದ. ಇದ್ದದ್ದು ಒಂದೇ ಹಂಡೆ. ಮಧ್ಯಾಹ್ನ ಈ ಅಂಟು ನೋಡಲು ಜರ್ಮನಿಯ ವ್ಯಾಪಾರಿ ಬರುವವನಿದ್ದ. "ಇವತ್ತೇನಾದ್ರೂ ಎಡವಟ್ಟಾಯ್ತೋ, ನಾಳೆಯಿಂದ ಮನೇಲಿರು," ಎಂದು ನಿರ್ದೇಶಕಿ ಸ್ಕೈದ್ರೀತೆ ಬೆಳಿಗ್ಗೆಯೇ ಗುಡುಗಿದ್ದರು.

ಅಂಟು ಜೇನಿನ ಹದಕ್ಕೆ ಬಂದ ಕೂಡಲೇ ಹಂಡೆಯ ತಳದ ನಲ್ಲಿ ತಿರುಗಿಸಿ ಹೊರಗೆ ಹರಿಸಬೇಕು. ತಡವಾದರೆ ಒಳಗೇ ಕಲ್ಲಾಗುತ್ತದೆ. ಹದ ಬಂತು. ಓಯಾರ್ಸ್ ನಲ್ಲಿಗೆ ಕೈ ಹಾಕಿದ.

"ಹೆಸರಿನ ದಿನ ಮರೆತ್ಬಿಟ್ಯೇನೋ!" ಕ್ಯಾಂಟೀನಿನ ಅವುಸ್ಮಾ ಹೂಗುಚ್ಛವನ್ನು ಆ ಕೈಗೇ ತುರುಕಿದಳು.

"ಅಕ್ಕಾ, ಒಂದ್ನಿಮಿಷ..."

"ಹೂವು ತಂದೋಳಿಗೆ ಒಂದ್ನಿಮಿಷ ಅಂತೀಯಲ್ಲ, ಎಂಥಾ ಮನುಷ್ಯನೋ ನೀನು!"

ಹಿಂದೆಯೇ ಮೆಕ್ಯಾನಿಕ್ ಇಂಟ್ಸ್ ಕೇಸರಿ ಹಾಕಿದ ಕೇಕು ಹೊತ್ತು ಬಂದ, ಅವನ ಬೆನ್ನಿಗೆ ಉಳಿದವರೆಲ್ಲ. ಕರೆಯದೆ ಬರುವುದೇ ಆ ದಿನದ ಪದ್ಧತಿ. ಬಂದವರನ್ನು ಹೊರಡಿ ಎನ್ನುವಂತಿಲ್ಲ. ಕೇಕು ಬಾಯಿಗೆ ತುರುಕಿದರು, ಕುರ್ಚಿಯಲ್ಲಿ ಕೂರಿಸಿದರು, ಹಾಡು ಹೇಳುತ್ತ ಕುರ್ಚಿ ಸಮೇತ ಮೇಲೆತ್ತಿದರು.

"ನಲ್ಲಿ! ನಲ್ಲಿ ತಿರುಗ್ಸ್ರೋ!" ಓಯಾರ್ಸ್ ಗಾಳಿಯಲ್ಲಿ ಕಾಲು ಬಡಿದ.

"ನಾಚ್ಕೋತಾನೆ, ಇನ್ನೊಂದ್ಸಲ ಎತ್ರೋ!"

ಹಂಡೆಯೊಳಗಿನ ಕಲಕುವ ಯಂತ್ರ ಒಮ್ಮೆ ನರಳಿ ನಿಂತೇಹೋಯಿತು. ಹಾಡೂ ನಿಂತಿತು. ಕುರ್ಚಿಯನ್ನು ಮೆತ್ತಗೆ ಇಳಿಸಿದರು.

"ನಾನಂತೂ ಏನೂ ಮುಟ್ಟಿಲ್ಲಪ್ಪ," ಎಂದ ಇಂಟ್ಸ್.

ಅದೇ ಹೊತ್ತಿಗೆ ಸ್ಕೈದ್ರೀತೆ ವ್ಯಾಪಾರಿಯನ್ನು ಕರೆದುಕೊಂಡು ಒಳಗೆ ಬಂದರು. ಇಂಟ್ಸ್ ಗಾಬರಿಯಲ್ಲಿ ಹಂಡೆಯೊಳಗೆ ಕಲ್ಲಾಗಿದ್ದ ಅಂಟಿನ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಉಳಿಯ ತುದಿ ಮುರಿದು ಹಾರಿತು. ವ್ಯಾಪಾರಿ ಕೋಟು ಬಿಚ್ಚಿ, ಸುತ್ತಿಗೆ ಕಿತ್ತುಕೊಂಡು ತಾನೇ ಬಾರಿಸಿದ. ಅಂಟಿನ ಮೇಲೆ ಒಂದು ಗೀರೂ ಬೀಳಲಿಲ್ಲ.

"ಇಂಥಾ ಅಂಟು ನಾನು ಜನ್ಮದಲ್ಲೇ ನೋಡಿಲ್ಲ!" ಎಂದ ಅವನು ಕೈ ಉಜ್ಜಿಕೊಳ್ಳುತ್ತ. "ಸೋಮವಾರ ನಮ್ಮ ಯಜಮಾನರನ್ನ ಕರ್ಕೊಂಡು ಬರ್ತೀನಿ. ಅವರು ನೋಡೋವರೆಗೂ ಇದು ಹಂಡೇಲಿ ಹೀಗೇ, ಒಂಚೂರೂ ಒಡೀದೆ ಇರ್ಬೇಕು. ಜೊತೆಗೆ ಇದೇ ಅಂಟಿನ ಹಲಗೆ ಒಂದಷ್ಟು ಮಾಡಿಡಿ. ಆಮೇಲೆ ಏನಿದ್ರೂ ನಿಮ್ಮ ಹತ್ರಾನೇ ವ್ಯಾಪಾರ."

ಎಲ್ಲರೂ ಚಪ್ಪಾಳೆ ತಟ್ಟಿದರು. ಓಯಾರ್ಸ್ ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ. ವ್ಯಾಪಾರಿಯ ಕಾರು ಗೇಟು ದಾಟುತ್ತಲೇ ಅವನು ಮೆಲ್ಲಗೆ ಕೇಳಿದ: "ಮೇಡಂ, ಹೊಸ ಅಂಟು ಯಾವುದ್ರಲ್ಲಿ ಬೇಯಿಸ್ಲಿ?"

"ಯಾವುದ್ರಲ್ಲಿ ಅಂದ್ರೆ? ಇರೋದೊಂದೇ ಹಂಡೆ. ಖಾಲಿ ಮಾಡ್ಕೋ," ಎಂದರು ಸ್ಕೈದ್ರೀತೆ. "ಆದ್ರೆ ನೋಡು, ಒಳಗಿರೋ ಅಂಟಲ್ಲಿ ಒಂದು ಬಿರುಕು ಬಿಟ್ರೂ ನೀನು ಉಳಿಯಲ್ಲ."