ಟವೆಲ್ಲಿನ ಕೆಳಗಿನ ಇಂಗ್ಲಿಷ್

ನನ್ನ ಹೆಂಡತಿ ಸುಭದ್ರಾಬಾಯಿಯನ್ನು ಮಾಲು ಅಂತ ತಿಳಿದು ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ಕಾಣುವುದಿಷ್ಟು: ಗಾತ್ರ ನಡುಮಟ್ಟದ್ದು, ಬಣ್ಣ ಚೆನ್ನ, ಕಸ-ಕಡ್ಡಿ ಇಲ್ಲ. ಸೊಲ್ಲಾಪುರದಲ್ಲಿ ಪಿ.ಯು.ಸಿ.ವರೆಗೆ ಹದಗೊಂಡದ್ದು. ಹದಿನಾಲ್ಕು ವರ್ಷ ನನ್ನ ಮನೆಯೆಂಬ ಗೋದಾಮಿನಲ್ಲಿ ಬಿದ್ದಿದ್ದರೂ ಹುಳ ಹತ್ತಿಲ್ಲ. ಒಂದು ಮುಷ್ಟಿ ತೊಗರಿ ಹಿಡಿದು ಯಾವ ಊರ ಹೊಲದ್ದೆಂದು ಹೇಳಬಲ್ಲ ಆಳಂದದ ಈ ತೊಗರಿ ವ್ಯಾಪಾರಿ ದೌಲತರಾಯ ಅದಕ್ಕೆ ‘ಎರಡನೆಯ ದರ್ಜೆ’ ಎಂದು ಚೀಟಿ ಅಂಟಿಸಿಬಿಟ್ಟಿದ್ದ. ಮಾಲು ನೋಡುವುದರಲ್ಲಿ ನಾನು ಎಡವಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆದರೆ ಎಂಥಾ ಎಡವು!

೧೯೮೬ರ ಬೇಸಿಗೆ. ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

“ಕಲಬುರ್ಗ್ಯಾಗ ಒಂದು ವರ್ಷದ ಟೀಚರ್ ಟ್ರೇನಿಂಗ್ ಅದರಿ. ಇಂಗ್ಲಿಷ್ ಪರೀಕ್ಷಾ ಪಾಸಾದ್ರ ಸೀಟು ಕೊಡ್ತಾರ. ಈ ವರ್ಷ ಬಿಟ್ರ ನನಗ ವಯಸ್ಸು ಮೀರ್ತದ.”

“ಮುಂಜಾನಿ ಏಳರ ಬಸ್ಸಿಗೆ ನೀ ಹೋದ್ರ ಇಲ್ಲಿ ರೊಟ್ಟಿ ಯಾರು ಬಡೀಬೇಕು?”

“ನಿಮಗೂ ಕೈ ಎರಡು ಅವಲ್ಲ!”

ಅದೇ ವಾರ ಬೊಂಬಾಯಿಯ ಬೇಳೆ ಕಂಪನಿಯೊಂದರಿಂದ ನನಗೆ ಕಾಗದ ಬಂತು. ನಮ್ಮ ಭಾಗಕ್ಕೆ ಒಬ್ಬ ಏಜೆಂಟ್ ಬೇಕು, ಆತನಿಗೆ ಇಂಗ್ಲಿಷ್ ಬರಬೇಕು, ಕಲಬುರ್ಗಿಯ ಲಾಡ್ಜಿನಲ್ಲಿ ಪರೀಕ್ಷೆ! ನಾನು ತೊಡೆ ತಟ್ಟಿದೆ.

“ನೋಡು, ನಿಂದು ಕಾಲೇಜಿನ ಇಂಗ್ಲಿಷ್. ಬಿತ್ತನಿ ಕಾಳಿದ್ದಂಗ, ಡಬ್ಬ್ಯಾಗ ಇಟ್ಟು ಪೂಜಾ ಮಾಡೋದು. ನಂದು ಆಫೀಸಿನ ಇಂಗ್ಲಿಷ್. ಬ್ಯಾಳಿ ಇದ್ದಂಗ, ಇವತ್ತೇ ಕುದೀತದ, ಇವತ್ತೇ ಹೊಟ್ಟಿ ತುಂಬ್ತದ!”

“ಬಿತ್ತನಿ ಇಲ್ದ ಬ್ಯಾಳಿ ಎಲ್ಲಿಂದ ಬರ್ತದರಿ?”

ಉತ್ತರ ಸಿಗದಾಗ ಬಾಯಿ ದೊಡ್ಡದಾಗುವುದು ನಮ್ಮ ಮನೆತನದ ಗುಣ. ಗದ್ದಲ ಕೇಳಿ ದಲಾಲ ಶರಫುದ್ದೀನ ಒಳಗೆ ಬಂದ. ಎರಡೂ ಕಡೆಯವರು ಕಳಿಸಿದ್ದ ಮಾದರಿ ಪ್ರಶ್ನೆಪತ್ರಿಕೆಗಳನ್ನು ಅವನ ಮುಂದೆ ಚೀಲ ಬಿಚ್ಚಿದಂತೆ ಹರವಿದೆ. ಅವಳದರಲ್ಲಿ ಪ್ರಬಂಧ, ಸಾರಾಂಶ. ನನ್ನದರಲ್ಲಿ ತಂತಿ ಓದುವುದು, ಪತ್ರ ಬರೆಯುವುದು, ಎದುರಾ ಎದುರು ಮಾತು.

“ಯಾವುದು ಭಾರ, ಹೇಳಪಾ.”

“ಸಾವ್ಕಾರ್ರಿ, ಒಂದರಾಗ ತೊಗರಿ ತೂಗ್ಯಾರ, ಇನ್ನೊಂದರಾಗ ಬಟ್ಟಿ ಅಳದಾರ. ಯಾವುದು ಹೆಚ್ಚಂತ ಹ್ಯಾಂಗ ಹೇಳ್ಲಿ? ಇಬ್ಬರೂ ಎರಡಕ್ಕೂ ಕೂತು ನೋಡ್ರಿ.”

ಫೀ ಕಟ್ಟಿದರೆ ಯಾರು ಬೇಕಾದರೂ ಟ್ರೇನಿಂಗ್ ಕಾಲೇಜಿನ ಪರೀಕ್ಷೆಗೆ ಕೂಡಬಹುದಿತ್ತು. ಕಂಪನಿಯವರು ಅಂಗಡಿಗೆ ಇಬ್ಬರಂತೆ ಕರೆದಿದ್ದರು. ಸೌದಾ ಕುದುರಿತು! ಎರಡೂ ಕಡೆ ಅವಳೇ ಮೇಲಾದರೆ ಅವಳು ಟ್ರೇನಿಂಗಿಗೆ ಹೋಗುವುದು, ನಾನು ವರ್ಷವಿಡೀ ರೊಟ್ಟಿ ಬಡಿಯುವುದು. ಒಂದು ಕಡೆ ಸೋತರೂ ಅವಳು ಟ್ರೇನಿಂಗಿನ ಹೆಸರೆತ್ತಬಾರದು.

“ವೈನಿ, ಬಜಾರದ ರಿವಾಜಿನಂಗ ಆಗ್ಲಿ,” ಎಂದು ಶರಫುದ್ದೀನ ನಮ್ಮಿಬ್ಬರ ಕೈ ಮೇಲೆ ಟವೆಲ್ಲು ಹಾಸಿದ. ನಮ್ಮ ಬಜಾರಿನಲ್ಲಿ ದರ ಬಾಯಿಂದ ಹೇಳುವುದಿಲ್ಲ; ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ, ಪಕ್ಕದವನಿಗೆ ಗೊತ್ತಾಗಬಾರದಲ್ಲ! ಸುಭದ್ರಾಬಾಯಿ ನನ್ನ ಒಂದು ಬೆರಳು ಹಿಡಿದು ಒತ್ತಿದಳು. ಒಂದು ವರ್ಷ. ಬೆರಳು ಸಂಜೆಯವರೆಗೂ ನೋಯುತ್ತಿತ್ತು.

ಮರುದಿನದಿಂದಲೇ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲವೆಂದು ಫರ್ಮಾನು ಹೊರಡಿಸಿದೆ. ಮೊದಲ ಊಟಕ್ಕೆ ಕೂತು ಗಂಭೀರವಾಗಿ, “ಗಿವ್ ರೊಟ್ಟಿ!” ಎಂದೆ. ಎಂಥಾ ರೊಟ್ಟಿ ಬೇಕು ಎಂದು ಅವಳು ಇಂಗ್ಲಿಷಿನಲ್ಲೇ ಕೇಳಿದಳು. ಕಟಕ ರೊಟ್ಟಿಗೆ ಏನನ್ನಬೇಕು, ಮೆತ್ತಗಿನದಕ್ಕೆ ಏನನ್ನಬೇಕು? ಪದ ಹುಡುಕುವಷ್ಟರಲ್ಲಿ ಪಲ್ಯ ಆರಿ ತಣ್ಣಗಾಯಿತು. ಮೂರನೆಯ ದಿನ ಒಲೆಯ ಮೇಲೆ ಹಾಲು ಏಳುತ್ತಿರುವುದನ್ನು ಕಂಡೆ. “ದಿ ಮಿಲ್ಕ್ ಈಸ್... ಈಸ್...” ಎಂದು ಅಂಗಳದ ಕಡೆ ಕೂಗಿದೆ. ಹಾಲು ನನ್ನ ವಾಕ್ಯ ಮುಗಿಯುವವರೆಗೆ ಕಾಯಲಿಲ್ಲ. ಒಲೆ ಆರಿತು, ಬೆಕ್ಕು ಉಂಡಿತು, ನಾನು ಕರಿ ಚಹಾ ಕುಡಿದೆ.

ಶನಿವಾರ ಕಾಲೇಜಿನ ಪರೀಕ್ಷೆ. ರೈಲು ಪ್ರಯಾಣದ ಬಗ್ಗೆ ಪ್ರಬಂಧ. ನಾನು ಮೂರೇ ಸಾಲಿನಲ್ಲಿ ಮುಗಿಸಿದೆ: ‘ನಿಮ್ಮ ರೈಲು ಸುಸ್ಥಿತಿಯಲ್ಲಿ ತಲುಪಿತು. ಎರಡು ಡಬ್ಬಿ ಕಡಿಮೆ ಇವೆ. ಕೂಡಲೇ ಕಳಿಸುವುದು.’ ಹತ್ತು ನಿಮಿಷದಲ್ಲಿ ಎದ್ದು ಬಂದು ಬೇವಿನ ಮರದಡಿ ಮೀಸೆ ತಿರುವುತ್ತ ಕೂತೆ. ಅವಳು ಬಂದದ್ದು ಮೂರು ತಾಸಾದ ಮೇಲೆ.

“ಇಷ್ಟ್ಯಾಕ ಹೊತ್ತು ಬೇ? ರೈಲು ಲೇಟಾಗಿತ್ತೇನು?”

“ನಿಮ್ಮ ರೈಲು ಸ್ಟೇಷನ್ ಬಿಟ್ಟೇ ಇರ್ಲಿಕ್ಕಿಲ್ಲ ತಗೋರಿ.”

ಭಾನುವಾರ ಲಾಡ್ಜಿನಲ್ಲಿ ನನ್ನ ಅಖಾಡ! ಗೋಡೆ ಪಕ್ಕದ ಬೆಂಚಿನಲ್ಲಿ ಅಫಜಲಪುರದ ಇಬ್ಬರು, ಜೇವರ್ಗಿಯ ಇಬ್ಬರು ವ್ಯಾಪಾರಿಗಳು ಕಿವಿ ನಿಮಿರಿಸಿ ಕೂತಿದ್ದರು. ಕೊನೆಯಲ್ಲಿ ಸುಭದ್ರಾಬಾಯಿ. ತಂತಿ ಓದಿದೆ. ಬಾಯಿಪಾಠ ಮಾಡಿದ್ದ ಪತ್ರ ಬರೆದೆ. ಬೊಂಬಾಯಿಯ ಸಾಹೇಬ ಖುಷಿಯಾಗಿ ಇಂಗ್ಲಿಷಿನಲ್ಲಿ ಕೇಳಿದ: “ನನಗೆ ಐವತ್ತು ಕ್ವಿಂಟಾಲ್ ಬೇಳೆ ಬೇಕು. ನಿಮ್ಮ ದರ ಹೇಳಿ.”

ದರ! ನಾಲ್ಕು ಜನ ವೈರಿಗಳ ಎದುರಿಗೆ! ಬಾಯಿಬಿಟ್ಟು! ನನ್ನ ಅಪ್ಪ, ಅಜ್ಜ, ಮುತ್ತಜ್ಜ ಒಟ್ಟಿಗೆ ಮೈಮೇಲೆ ಬಂದರು. ಹೆಗಲ ಮೇಲಿನ ಟವೆಲ್ಲು ತೆಗೆದು ಸಾಹೇಬನ ಕೈ ಮೇಲೆ ಹಾಕಿದವನೇ ಐದೂ ಬೆರಳು ಹಿಡಿದೆ, ಬಿಟ್ಟು ಮತ್ತೆ ಎರಡು ಹಿಡಿದೆ. ಬೆರಳಿಗೆ ನೂರರಂತೆ ಕ್ವಿಂಟಾಲಿಗೆ ಏಳುನೂರು!

ಸಾಹೇಬ ಕೈ ಎಳೆದುಕೊಂಡ. ದರ ಇಳಿಸಾಕತ್ತಾನ ಮಗ ಎಂದುಕೊಂಡು ನಾನೂ ಎಳೆದೆ. ಅವನು ಚೀರಿದ. ಕುರ್ಚಿ ಉರುಳಿತು, ಚಹಾದ ಕಪ್ಪು ಉತ್ತರಪತ್ರಿಕೆಗಳ ಮೇಲೆ ಮಗುಚಿತು, ಅವನ ಕೈಗಡಿಯಾರದ ಪಟ್ಟಿ ಕಿತ್ತು ನನ್ನ ಟವೆಲ್ಲಿನೊಳಗೆ ಬಂತು!

“ಕಳ್ಳ! ಕಳ್ಳ!” ಮ್ಯಾನೇಜರ ಓಡಿ ಬಂದ. ಜೇವರ್ಗಿಯವರು ಬಾಗಿಲು ಹಾಕಿದರು. ನನ್ನ ಇಂಗ್ಲಿಷ್ ಅಷ್ಟೂ ಆ ಬಾಗಿಲು ಹಾಕುವ ಮೊದಲೇ ಪರಾರಿಯಾಗಿತ್ತು. “ಸರ್... ಬೆರಳು... ಫೈವ್... ಟೂ...” ಎಂದು ತೊದಲಿದೆ.

ಆಗ ಸುಭದ್ರಾಬಾಯಿ ಎದ್ದಳು. ಸೆರಗು ಸರಿಮಾಡಿಕೊಂಡು, ಟವೆಲ್ಲಿನಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: “ಇವರು ಕಳ್ಳರಲ್ಲ, ನನ್ನ ಗಂಡ. ನಮ್ಮ ಬಜಾರಿನಲ್ಲಿ ದರ ಹೀಗೆಯೇ ಹೇಳುತ್ತಾರೆ. ಇವರು ನಿಮಗೆ ಹೇಳಿದ ದರ ನ್ಯಾಯದ್ದು. ಆದರೆ ಚೀಲ, ಲಾರಿ ಯಾರ ಖರ್ಚು ಎಂದು ನೀವಿನ್ನೂ ಹೇಳಿಲ್ಲ.”

ಸಾಹೇಬ ನೋಯುವ ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಲೇ ನಗತೊಡಗಿದ. ಅರ್ಧ ತಾಸು ಅವರಿಬ್ಬರದೇ ಮಾತು. ಏಜೆನ್ಸಿ ನಮ್ಮ ಅಂಗಡಿಗೇ ಬಂತು. ಮಾತು-ಪತ್ರ ಎಲ್ಲ ಸುಭದ್ರಾಬಾಯಿಯವರದೇ ಇರಬೇಕು, ಸಾವ್ಕಾರರು ಸಾಹೇಬರಿಂದ ಎರಡು ಮಾರು ದೂರ ಕೂಡಬೇಕು ಎಂಬ ಕರಾರಿನೊಂದಿಗೆ! ಹದಿನೈದು ದಿನಕ್ಕೆ ಕಾಲೇಜಿನ ಫಲಿತಾಂಶವೂ ಬಂತು. ಅವಳಿಗೆ ಎಪ್ಪತ್ತೆಂಟು. ನನಗೆ ಒಂಬತ್ತು.

ಆ ಭಾನುವಾರ ಲಾಡ್ಜಿನಿಂದ ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಕೇಳಿದ್ದೆ, “ಆಫೀಸಿನ ಇಂಗ್ಲಿಷ್ ನೀ ಯಾವಾಗ ಕಲ್ತಿ?”

“ಬ್ಯಾರೆ ಯಾಕ ಕಲೀಬೇಕ್ರಿ? ನಿನ್ನಿ ಬರದ ಇಂಗ್ಲಿಷನ್ನ ಇವತ್ತು ಬಾಯಿಲೆ ಹೇಳ್ದೆ, ಅಷ್ಟ.”

ಈಗ ಅವಳು ಏಳರ ಬಸ್ಸಿಗೆ ಹೋಗುತ್ತಾಳೆ. ನಾನು ಐದಕ್ಕೇ ಹಿಟ್ಟು ನಾದಲು ಕೂಡುತ್ತೇನೆ. ನಿನ್ನೆ ಶರಫುದ್ದೀನ ಒಲೆಯ ಬಳಿ ಬಂದು ನನ್ನ ಕೈಯ ಬೊಬ್ಬೆ ನೋಡಿ ಹಲ್ಲು ಕಿಸಿದ.

“ಸಾವ್ಕಾರ್ರಿ, ಕಡೀಗೆ ಯಾವ ಪರೀಕ್ಷಾ ಭಾರ ಆತ್ರಿ?”

“ಈ ಮೂರನೇದು ಲೇ!” ಎಂದೆ. ಹೆಂಚಿನ ಮೇಲೆ ರೊಟ್ಟಿ ಹರಿದು ನಾಲ್ಕಾಗಿತ್ತು.

ಸುಭದ್ರಾಬಾಯಿಗೆ ನಾನು ಒಂದು ವರ್ಷದ ರೊಟ್ಟಿ ಕೊಡಬೇಕು. ಮೆತ್ತಗಿನವು.