ಅತ್ತೆಯ ಕಣ್ಣಿಗೆ ಮಣ್ಣೆರಚಲು ಹೋಗಿ

ಮೋಸ ಮಾಡುವುದು ನನ್ನ ಉದ್ಯೋಗ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಒಂದೇ ಅಳತೆಯ ಎರಡು ಗೆರೆ ಎಳೆದು ಒಂದು ಉದ್ದ, ಇನ್ನೊಂದು ಗಿಡ್ಡ ಎಂದು ನಿಮ್ಮನ್ನು ನಂಬಿಸುತ್ತೇನೆ. ನೆಟ್ಟಗಿರುವ ಗೋಡೆಯನ್ನು ವಾಲಿಸುತ್ತೇನೆ. ಆಮೇಲೆ ಪುಟದ ಹಿಂದೆ, ನಿಮ್ಮ ಕಣ್ಣು ಹೇಗೆ ಬೇಸ್ತು ಬಿತ್ತು ಎಂದು ವಿವರಿಸುತ್ತೇನೆ. ಆ ವಿವರಣೆ ಇರುವುದರಿಂದಲೇ ಇದಕ್ಕೆ ಶೈಕ್ಷಣಿಕ ಒಗಟು ಎಂಬ ಮರ್ಯಾದೆಯ ಹೆಸರು ಬಂದಿದೆ. ಇಲ್ಲದಿದ್ದರೆ ಬರೀ ಕಣ್ಕಟ್ಟು. ನೆಂಟರು ಯಾರಾದರೂ ಫೋನಿನಲ್ಲಿ "ಏನಮ್ಮ ಕೆಲಸ?" ಎಂದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಶ್ರೀಧರ "ಡಿಸೈನ್ ಲೈನಲ್ಲಿದ್ದಾಳೆ" ಎಂದು ಮಾತು ಮುಗಿಸಿಬಿಡುತ್ತಾನೆ.

ಲಾಕ್‌ಡೌನ್ ಬಂದಾಗ ನನ್ನ ಮೋಸಕ್ಕೂ ಬೀಗ ಬಿತ್ತು. ಶಾಲೆ ಮುಚ್ಚಿತು, ಕಾರ್ಯಾಗಾರಗಳು ರದ್ದಾದವು. ಐರ್ಲೆಂಡಿನ ಅತ್ಲೋನ್‌ನ ನಮ್ಮ ಮನೆಯಲ್ಲಿ ಶ್ರೀಧರ ಮಹಡಿಯ ಕೋಣೆಯಲ್ಲಿ ಮೀಟಿಂಗ್, ಎಂಟು ವರ್ಷದ ಅನಘಾ ಹಾಲಿನಲ್ಲಿ ಆನ್‌ಲೈನ್ ಪಾಠ, ನಾನು ಅಡುಗೆಮನೆಯ ಮೇಜಿನ ಮುಂದೆ ಖಾಲಿ ಕೈ. ಜೊತೆಗೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತು, ನಮ್ಮಲ್ಲೇ ಸಿಕ್ಕಿಕೊಂಡ ಅತ್ತೆ. ಅಂಥ ಹೊತ್ತಿನಲ್ಲಿ ಇಲ್ಲಿನ ಒಬ್ಬ ಶಾಲಾ ಟೀಚರ್ ಹನ್ನೆರಡು ಒಗಟು ಕೇಳಿದರು. ಪುಸ್ತಿಕೆಯಾಗಿ ಅಂಚೆಯಲ್ಲಿ ಮಕ್ಕಳ ಮನೆಗಳಿಗೆ ಹೋಗುತ್ತವಂತೆ. ಒಂದೇ ಷರತ್ತು: ಮುಖಪುಟದ ಒಗಟು ಮಗು, ದೊಡ್ಡವರು, ಅಜ್ಜಿ ಮೂವರನ್ನೂ ಬೇಸ್ತು ಬೀಳಿಸಬೇಕು. ಮೊದಲು ನಮ್ಮ ಮನೆಯವರ ಮೇಲೆಯೇ ಪ್ರಯೋಗಿಸಿ, ಫಾರಂ ತುಂಬಿ ಕಳಿಸಬೇಕು. ಆ ವರ್ಷ ನನಗೆ ಸಿಕ್ಕ ಕೆಲಸ ಅದೊಂದೇ. ಮನೆಯಲ್ಲೇ ಅಜ್ಜಿ ಇದ್ದಾರಲ್ಲ, ಕುಳಿತಲ್ಲೇ ಆಗಿಹೋಗುತ್ತದೆ ಎಂದು ಹಿಗ್ಗಿದೆ.

ಮೊದಲನೆಯದಾಗಿ ಬಾಣದ ತುದಿಯ ಎರಡು ಗೆರೆಗಳನ್ನು ತೋರಿಸಿದೆ. ಅನಘಾ ಮೋಸ ಹೋದಳು. ಶ್ರೀಧರ ಮೋಸ ಹೋದ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಒಂದು ಸಲ ನೋಡಿದರು. "ಎರಡೂ ಒಂದೇ ಅಲ್ವೇನೇ?"

"ಸರಿಯಾಗಿ ನೋಡಿ ಅತ್ತೆ."

"ಎಷ್ಟು ನೋಡಿದ್ರೂ ಒಂದೇ. ಬೇಕಾದ್ರೆ ದಾರ ಇಟ್ಟು ನೋಡ್ಕೋ."

ವಾಲುವ ಗೆರೆಗಳು ಅವರಿಗೆ ನೆಟ್ಟಗೇ ಕಂಡವು. ದೊಡ್ಡ ವೃತ್ತ, ಚಿಕ್ಕ ವೃತ್ತ ಅವರಿಗೆ ಒಂದೇ ಅಳತೆ. ಬಾಗಿದ ಚೌಕ ಬಾಗಲಿಲ್ಲ. ನಾಲ್ಕನೆಯದಕ್ಕೆ ಅನಘಾ ಚಪ್ಪಾಳೆ ತಟ್ಟಿ "ಅಜ್ಜಿ ಈಸ್ ಎ ಲೆಜೆಂಡ್!" ಎಂದು ಐರಿಶ್ ರಾಗದಲ್ಲಿ ಕೂಗಿದಳು. ಹೆತ್ತ ಮಗಳೇ ಎದುರು ಪಕ್ಷ ಸೇರಿದರೆ ಏನು ಮಾಡುವುದು!

ಕಾರಣ ಹೊಳೆದದ್ದು ಒಂದು ಬೆಳಿಗ್ಗೆ. ಅತ್ತೆ ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಇಡುತ್ತಿದ್ದರು. ಹದಿನೈದರಿಂದ ಎಂಟಕ್ಕೆ, ಸಂದು ಚುಕ್ಕಿ. ಇಲ್ಲಿನ ಮಳೆ ಹತ್ತು ಗಂಟೆಗೆ ಅದನ್ನು ತೊಳೆದುಹಾಕುತ್ತದೆಂದು ಗೊತ್ತಿದ್ದೂ ದಿನಾ ಇಡುತ್ತಾರೆ. ಪೋಸ್ಟ್‌ಮ್ಯಾನ್ ಅದನ್ನು ತುಳಿಯಲಾರದೆ ಸುತ್ತಿ ಬಂದು ಕಾಗದ ಕೊಟ್ಟು ಹೋಗುತ್ತಿದ್ದ. ಅತ್ತೆಯ ಕೈಯಲ್ಲಿ ಅಡಿಪಟ್ಟಿ ಇಲ್ಲ, ಅಳತೆ ಇಲ್ಲ. ಐವತ್ತು ವರ್ಷ ಹೀಗೆ ಚುಕ್ಕಿ ಇಟ್ಟ ಕಣ್ಣು ಅದು. ಚಿತ್ರಕಲೆಯಲ್ಲಿ ಪದವಿ ಪಡೆದ ನಾನು ಆ ಕಣ್ಣಿಗೆ ಮಣ್ಣೆರಚಲು ಹೊರಟಿದ್ದೆ. ಬುದ್ಧಿಯಿದ್ದವಳಾದರೆ ಅಲ್ಲೇ ಕೈಬಿಡುತ್ತಿದ್ದಳು. ನನಗೆ ಇನ್ನೂ ಹಠ ಹೆಚ್ಚಿತು. ವಿಮಾನ ಶುರುವಾಗುವುದರೊಳಗೆ ಈಕೆಯನ್ನು ಬೀಳಿಸಿಯೇ ಸೈ ಎಂದುಕೊಂಡೆ.

ಮುಂದಿನ ಹದಿನೈದು ದಿನ ಮೇಜಿನ ಮೇಲೆ ಕಾಗದ ಬಿಟ್ಟರೆ ಬೇರೇನಿಲ್ಲ. ಅತ್ತೆ "ಊಟಕ್ಕೆ ಬಾರೇ" ಎಂದರೆ "ಐದು ನಿಮಿಷ" ಎನ್ನುವೆ. ಆ ಐದು ನಿಮಿಷದಲ್ಲಿ ಸಾರು ಆರಿ, ಅನ್ನ ಗಟ್ಟಿಯಾಗುತ್ತಿತ್ತು. ಐದನೆಯದರಿಂದ ಹನ್ನೊಂದನೆಯದರವರೆಗೆ ಎಲ್ಲವೂ ಅವರ ಮುಂದೆ ತೋಪಾದವು. ಹನ್ನೊಂದನೆಯದು ಬಿದ್ದ ದಿನ ಸಿಂಕಿನ ಮುಂದೆ ನಿಂತು ಅತ್ತೂಬಿಟ್ಟೆ. ಟೀಚರ್ ಫೋನಿನಲ್ಲಿ "ಅಯ್ಯೋ, ಅಜ್ಜಿಯೊಬ್ಬರು ಬಿದ್ದಿಲ್ಲಾಂದ್ರೂ ಗ್ರ್ಯಾಂಡ್" ಎಂಬರ್ಥದಲ್ಲಿ ಏನೋ ಸಮಾಧಾನ ಹೇಳಿದರು. ಗ್ರ್ಯಾಂಡ್ ಅಂತೆ, ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿನವರ ಮಾತು! ಇವರಿಗೆ ಮಳೆ ಬಂದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ನನಗೆ ಮಾತ್ರ ಹಾಗೆ ಬಿಟ್ಟುಬಿಡಲು ಆಗುತ್ತಿರಲಿಲ್ಲ.

ಹನ್ನೆರಡನೆಯದಕ್ಕೆ ನನ್ನ ಬ್ರಹ್ಮಾಸ್ತ್ರ ತೆಗೆದೆ: ತಿರುಗುವ ಚಕ್ರ. ಕಪ್ಪು, ನೀಲಿ, ಬಿಳಿ, ಹಳದಿಯನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಕಾಗದದ ಮೇಲಿನ ಚಕ್ರ ತಾನಾಗಿ ತಿರುಗಿದಂತೆ ಕಾಣುತ್ತದೆ. ಹೋಲಿಸಲಿ ಎಂದು ಇನ್ನೊಂದು ಹಾಳೆಯೂ ಇರುತ್ತದೆ. ಅವೇ ಬಣ್ಣ, ಕ್ರಮ ಮಾತ್ರ ಅದಲುಬದಲು, ಚಕ್ರ ನಿಂತಿರುತ್ತದೆ. ಪ್ರಿಂಟ್ ಆದದ್ದೇ ತಡ, ಮೇಲಿದ್ದ ಹಾಳೆಯನ್ನು ಎಳೆದುಕೊಂಡು ಓಡಿಹೋಗಿ ಅತ್ತೆಯ ಮುಂದೆ ಹಿಡಿದೆ. ನನ್ನ ಕಣ್ಣು ಹಾಳೆಯ ಮೇಲಿರಲಿಲ್ಲ, ಅವರ ಮುಖದ ಮೇಲಿತ್ತು. ಅವರು ಕನ್ನಡಕ ಏರಿಸಿ ಹಾಳೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆ ನೋಡಿದರು.

"ಅಯ್ಯಯ್ಯೋ! ತಿರುಗ್ತಾ ಇದೆ ಕಣೇ ಇದು! ತಲೆ ಸುತ್ತತ್ತೆ, ತೆಗಿ ಆಚೆಗೆ!"

ನಾನು ಕುಣಿದೆ. ಮಹಡಿಯಿಂದ ಶ್ರೀಧರ ಮೀಟಿಂಗ್ ಬಿಟ್ಟು ಇಣುಕಿ ನೋಡುವಷ್ಟು ಕುಣಿದೆ. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅತ್ತೆ ತುಪ್ಪ ಬಡಿಸಿದರು.

ಮರುದಿನ ಹಾಳೆಗಳನ್ನೆಲ್ಲ ಲಕೋಟೆಗೆ ಜೋಡಿಸುವಾಗ ತಿರುಗುವ ಚಕ್ರ ಕಾಣಲಿಲ್ಲ. ಹುಡುಕಿದರೆ ಪ್ರಿಂಟರ್ ಟ್ರೇಯಲ್ಲಿ, ನಿನ್ನೆ ಬಿದ್ದ ಹಾಗೇ ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ನಾನು ಅತ್ತೆಗೆ ತೋರಿಸಿದ್ದು ಯಾವುದು? ನಿನ್ನೆ ತೋರಿಸಿ ಮೇಜಿನ ಮೇಲಿಟ್ಟಿದ್ದ ಹಾಳೆಯನ್ನು ಎಷ್ಟು ದಿಟ್ಟಿಸಿದರೂ ಆ ಚಕ್ರ ಕಲ್ಲಿನಂತೆ ಕೂತಿತ್ತು. ನಿಂತ ಚಕ್ರವನ್ನೇ ತೋರಿಸಿ ತಿರುಗಿತೆಂದು ಕುಣಿದಿದ್ದೆ.

ಟ್ರೇಯಲ್ಲಿದ್ದ ಅಸಲಿ ಚಕ್ರ ಹಿಡಿದು ಸೀದಾ ಒಲೆಯ ಹತ್ತಿರ ಹೋದೆ. ಅತ್ತೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು.

"ಅತ್ತೆ, ನಿಜ ಹೇಳಿ. ಇದು?"

ಅವರು ತಲೆ ಎತ್ತಲೇ ಇಲ್ಲ. "ಅದೂ ತಿರುಗ್ತಾ ಇದೆ. ತಟ್ಟೆ ಹಾಕು, ಸಾರು ಆರೋಗತ್ತೆ."

ತಟ್ಟೆ ಹಾಕಿದೆ. ಉಂಡೆ. ಅಸಲಿ ಚಕ್ರವನ್ನು ಅನಘಾಳಿಗೆ ತೋರಿಸಿದೆ, ತಿರುಗುತ್ತಿದೆ ಎಂದು ಅವಳು ಕಿರುಚಿದಳು. ಆಮೇಲೆ ಟೀಚರ್ ಕೊಟ್ಟಿದ್ದ ಫಾರಂ ತೆಗೆದೆ. ಚಕ್ರದ ಮುಂದೆ ಮಗು ಎಂಬ ಕಡೆ ಅನಘಾಳ ಹೆಸರಿಗೆ ಟಿಕ್ ಹಾಕಿದೆ. ಅಜ್ಜಿ ಎಂಬ ಕಡೆ ಇಲ್ಲ ಎಂದು ಬರೆದೆ. ದೊಡ್ಡವರು ಎಂಬ ಕಡೆ ಶ್ರೀಧರನ ಹೆಸರನ್ನು ಮೊದಲೇ ಬರೆದಿಟ್ಟಿದ್ದೆ; ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದು, ಪೂರ್ತಿ ಬೇಸ್ತು ಬಿದ್ದಿದ್ದಾರೆ ಎಂದು ಷರಾ ಹಾಕಿ ಲಕೋಟೆ ಅಂಟಿಸಿದೆ.